ಕಲೆಯಿಲ್ಲದ ಕತ್ತಿ

ಕೆಲವು ವರ್ಷಗಳ ಹಿಂದೆ ಕ್ಲೈಂಟ್ ಕೆಲಸಕ್ಕೆಂದು ಮೂರು ತಿಂಗಳು ಲಂಡನ್ನಿನಲ್ಲಿದ್ದೆ. ಶನಿವಾರಗಳಲ್ಲಿ ಮಾಡಲು ಬೇರೇನೂ ಇಲ್ಲದೆ ಪೋರ್ಟೊಬೆಲೊ ರಸ್ತೆಯ ಹಳೆ ಸಾಮಾನಿನ ಸಂತೆಗೆ ಹೋಗುತ್ತಿದ್ದೆ. ಬೆಳ್ಳಿ ಚಮಚ, ಕೆಟ್ಟು ನಿಂತ ಗಡಿಯಾರ, ಯಾರದೋ ಅಜ್ಜನ ಫೋಟೋ ಇವೆಲ್ಲದರ ನಡುವೆ ಒಂದು ಅಂಗಡಿಯ ಗೋಡೆಗೆ ನಾಲ್ಕೈದು ಕತ್ತಿಗಳನ್ನು ತೂಗುಹಾಕಿದ್ದರು. ಅದರಲ್ಲಿ ಒಂದು ಮಾತ್ರ ಉಳಿದವುಗಳ ಹಾಗಿರಲಿಲ್ಲ. ತೆಳ್ಳಗೆ, ನೆಟ್ಟಗೆ, ಮದುವೆಗೆ ಹೊರಟವರ ಹಾಗೆ ಸಿಂಗರಿಸಿಕೊಂಡಿತ್ತು. ನಾನು ನೋಡುತ್ತ ನಿಂತಿದ್ದನ್ನು ಕಂಡು ಅಂಗಡಿಯ ಮುದುಕ ಅದನ್ನಿಳಿಸಿ ಕೈಗೆ ಕೊಟ್ಟ. "ಎಳೆದು ನೋಡಿ, ಹೆದರಬೇಡಿ. ಇದು ಯಾರಿಗೂ ಏನೂ ಮಾಡಿಲ್ಲ" ಎಂದ.

ಎಳೆದೆ. ಮೊದಲು ಬಿಗಿಯಾಗಿತ್ತು, ಆಮೇಲೆ ಸರಕ್ಕನೆ ಬಂತು. ಹಿಡಿಗೆ ಚಿನ್ನದ ಗಿಲೀಟು. ಹಿಡಿಯ ಬುಡದಲ್ಲಿ ಚಿಪ್ಪಿನಾಕಾರದ ಸಣ್ಣ ತಟ್ಟೆ. ಅಲಗಿನ ಮೇಲೆ ಆಸಿಡ್ ಹಾಕಿ ಕೊರೆದ ಬಳ್ಳಿ, ಕಿರೀಟ, ವಿಕ್ಟೋರಿಯಾ ರಾಣಿಯ ಮೊಹರಿನ ಎರಡಕ್ಷರ. ಅಂಚನ್ನು ಬೆರಳಿನಿಂದ ಸವರಿದೆ. ಬೆಣ್ಣೆ ಹಚ್ಚುವ ಚಾಕು ಅದಕ್ಕಿಂತ ಹರಿತವಾಗಿರುತ್ತದೆ. ಅದು ಸೈನಿಕನ ಕತ್ತಿಯಲ್ಲ, ಸರ್ಕಾರಿ ಅಧಿಕಾರಿಯ ಕತ್ತಿ. ಅರಮನೆಯ ಸಮಾರಂಭಕ್ಕೆ ಹೋಗುವ ದಿನ ಸೊಂಟಕ್ಕೆ ಕಟ್ಟಿಕೊಳ್ಳಲೆಂದೇ ಮಾಡಿದ್ದು. ಬೆಲೆ ಇನ್ನೂರು ಪೌಂಡಿಗಿಂತ ಸ್ವಲ್ಪ ಮೇಲೆ. ವಿಮಾನದಲ್ಲಿ ತರುವ ತಾಪತ್ರಯ, ಕಸ್ಟಮ್ಸ್‌ನವರಿಗೆ ಕೊಡಬೇಕಾದ ವಿವರಣೆ, ಪುಣೆಯ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅದನ್ನು ಎಲ್ಲಿಡುವುದೆಂಬ ಪ್ರಶ್ನೆ, ಎಲ್ಲವನ್ನೂ ಲೆಕ್ಕ ಹಾಕಿ ವಾಪಸ್ ಕೊಟ್ಟೆ. ಆದರೆ ಮುದುಕನ ಮಾತು ನನ್ನ ಜೊತೆ ಬಂತು. ಇದು ಯಾರಿಗೂ ಏನೂ ಮಾಡಿಲ್ಲ. ಅವನು ಅದನ್ನು ಹೊಗಳಿಕೆಯಾಗಿ ಹೇಳಿದ್ದ. ಅದು ಹೊಗಳಿಕೆ ಹೌದೇ ಎಂಬುದು ನನಗಿನ್ನೂ ಬಗೆಹರಿದಿಲ್ಲ.

ಅಂದಿನಿಂದ ರಾತ್ರಿಯ ಕಾಲ್‌ಗಳು ಮುಗಿದ ಮೇಲೆ ಹರಾಜು ಮನೆಗಳ ಕ್ಯಾಟಲಾಗು ನೋಡುವ ಚಟ ಹತ್ತಿದೆ. ಈವರೆಗೆ ಒಂದನ್ನೂ ಕೊಂಡಿಲ್ಲ. ಹೆಂಡತಿ ಇದಕ್ಕೆ 'ಖರ್ಚಿಲ್ಲದ ಶೋಕಿ' ಎಂದು ಹೆಸರಿಟ್ಟು ನೆಮ್ಮದಿಯಿಂದಿದ್ದಾಳೆ.

ಈ ಕತ್ತಿಗಳನ್ನು ಸಂಗ್ರಹಿಸುವವರು ಏನು ನೋಡುತ್ತಾರೆ ಎಂದು ತಿಳಿಯುವುದೇ ಒಂದು ಪಾಠ. ಮೊದಲು ಗಿಲೀಟು. ಹಿಡಿಯ ಉಬ್ಬಿನ ಮೇಲೆ ಅದು ಸವೆದಿದ್ದರೂ ತಗ್ಗುಗಳಲ್ಲಿ ಉಳಿದಿರಬೇಕು; ಯಾರಾದರೂ ಉತ್ಸಾಹಿ ಬ್ರಾಸೋ ಹಾಕಿ ತಿಕ್ಕಿದ್ದರೆ ಕಥೆ ಮುಗಿಯಿತು. ಹಿಡಿಗೆ ಸುತ್ತಿದ ತಂತಿ ಸಡಿಲಾಗಿರಬಾರದು. ಆಮೇಲೆ ಒರೆ. ಅದು ಕಪ್ಪು ಚರ್ಮದ್ದು. ಒಣಗಿ ಕುಗ್ಗುತ್ತದೆ, ನಡುವೆ ಮುರಿಯುತ್ತದೆ. ಮುರಿಯದ ಒರೆ, ಅದರ ಬಾಯಿಗೂ ತುದಿಗೂ ಹಾಕಿದ ಲೋಹದ ಕಟ್ಟು ಎರಡೂ ಇದ್ದರೆ ಬೆಲೆ ಏರುತ್ತದೆ. ಹಿಡಿಗೆ ಕಟ್ಟುವ ಜರತಾರಿ ಕುಚ್ಚು ಅದೇ ಕಾಲದ್ದಾಗಿರಬೇಕು. ಅಲಗಿನ ಮೇಲಿನ ರಾಜಮೊಹರು ಕಾಲವನ್ನು ಹೇಳುತ್ತದೆ: 1901ರವರೆಗೆ ವಿಕ್ಟೋರಿಯಾ, 1910ರವರೆಗೆ ಏಳನೇ ಎಡ್ವರ್ಡ್, 1936ರವರೆಗೆ ಐದನೇ ಜಾರ್ಜ್. ಕೆಲವು ಹಳೆಯ ಅಲಗುಗಳಿಗೆ ನವಿಲಿನ ಕತ್ತಿನ ನೀಲಿ ಬಣ್ಣ ಹಿಡಿಸಿ ಅದರ ಮೇಲೆ ಚಿನ್ನದ ಚಿತ್ತಾರ ಬರೆದಿರುತ್ತಾರೆ. ಆ ನೀಲಿ ತೀರಾ ನಾಜೂಕಿನದು, ಒಮ್ಮೆ ಹೋದರೆ ಹೋಯಿತು. ಇನ್ನು ಕಪ್ಪು ವೆಲ್ವೆಟ್ ಉಡುಪಿನ ಜೊತೆ ಧರಿಸುತ್ತಿದ್ದ ಕತ್ತಿಗಳಲ್ಲಿ ಉಕ್ಕನ್ನೇ ವಜ್ರದ ಹಾಗೆ ಮುಖ ಮುಖವಾಗಿ ಕತ್ತರಿಸಿ ಮಣಿ ಮಾಡಿ, ಬೆರಳು ಕಾಯುವ ಕಂಬಿಯ ಬದಲಿಗೆ ಆ ಮಣಿಗಳ ಸರವನ್ನೇ ತೂಗುಬಿಟ್ಟಿರುತ್ತಾರೆ. ಹೊಡೆತ ಬಿದ್ದರೆ ಬೆರಳಿಗೆ ರಕ್ಷಣೆ ಮಣಿಸರದ್ದು! ಹೊಡೆತ ಬೀಳುವುದಿಲ್ಲ ಎಂದು ಮಾಡಿದವನಿಗೂ ಗೊತ್ತು, ಕೊಂಡವನಿಗೂ ಗೊತ್ತು.

ಕನ್ನಡದಲ್ಲಿ 'ಕಲೆ' ಎಂದರೆ ಕುಸುರಿಯೂ ಹೌದು, ಕರೆಯೂ ಹೌದು. ಈ ಕತ್ತಿಗಳಲ್ಲಿ ಮೊದಲನೆಯದು ತುಂಬಿ ತುಳುಕಬೇಕು, ಎರಡನೆಯದು ಇರಲೇಬಾರದು. ಸೈನಿಕರ ಕತ್ತಿಗಳ ಲೆಕ್ಕವೇ ಬೇರೆ. ಅಲ್ಲಿ ಅಲಗಿನ ಅಂಚು ಮುಕ್ಕಾಗಿದ್ದರೆ, ಸಾಣೆ ಹಿಡಿದ ಗುರುತಿದ್ದರೆ ಅದೊಂದು ಗುಣ. ಯಾವ ಯುದ್ಧದಲ್ಲಿತ್ತು ಎಂದು ಗೊತ್ತಾದರೆ ಬೆಲೆ ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಸೈನಿಕನ ಕತ್ತಿ ಏನು ಮಾಡಿತು ಎಂದು ಕೇಳುತ್ತಾರೆ. ಅಧಿಕಾರಿಯ ಕತ್ತಿ ಏನೂ ಮಾಡಿಲ್ಲವಷ್ಟೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ.

ಹಾಗಾದರೆ ಕಡತ ನೋಡುವ ಮನುಷ್ಯನಿಗೆ ಕತ್ತಿ ಏಕೆ ಬೇಕಿತ್ತು? ಇದರ ಮೂಲ ಹದಿನೇಳು ಹದಿನೆಂಟನೇ ಶತಮಾನದ ಸಣ್ಣ ಕತ್ತಿ. ಮೂರು ಮೂಲೆಯ, ಚುಚ್ಚಲೆಂದೇ ಮಾಡಿದ ಅಲಗು. ಆಗ ಮರ್ಯಾದಸ್ಥರು ಅದನ್ನು ಕಟ್ಟಿಕೊಂಡೇ ಬೀದಿಗಿಳಿಯುತ್ತಿದ್ದರು, ಮಾತಿಗೆ ಮಾತು ಬೆಳೆದರೆ ಎಳೆಯುತ್ತಿದ್ದರು, ಸಾಯುತ್ತಿದ್ದರು. ಹದಿನೆಂಟನೇ ಶತಮಾನ ಮುಗಿಯುವ ಹೊತ್ತಿಗೆ ಬೀದಿಯಿಂದ ಕತ್ತಿ ಮಾಯವಾಯಿತು, ಆಸ್ಥಾನದಲ್ಲಿ ಉಳಿದುಕೊಂಡಿತು. ಬ್ರಿಟನ್ನಿನಲ್ಲಿ ಅಧಿಕಾರಿಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿ ಯಾರ ಕೋಟಿನ ಮೇಲೆ ಎಷ್ಟು ಜರತಾರಿ ಎಂದು ಬರೆದಿಟ್ಟಿದ್ದರು. ರಷ್ಯಾದಲ್ಲಿ 1722ರಲ್ಲಿ ಪೀಟರ್ ದೊರೆ ಹದಿನಾಲ್ಕು ದರ್ಜೆಗಳ ಪಟ್ಟಿಯನ್ನೇ ಮಾಡಿದ. (ನಮ್ಮ ಕಂಪನಿಗಳ ಬ್ಯಾಂಡ್, ಗ್ರೇಡ್ ನೋಡಿ ನಗುವವರು ಒಮ್ಮೆ ಅದನ್ನು ಓದಬೇಕು.)

ಕತ್ತಿ ನಿಜವಾಗಿ ಏನು ಹೇಳುತ್ತಿತ್ತು ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಪ್ರಸಂಗ ಒಬ್ಬ ಅಮೆರಿಕನ್ನನದು. 1853ರಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ವಿಲಿಯಂ ಮಾರ್ಸಿ ತನ್ನ ರಾಯಭಾರಿಗಳಿಗೆ ಒಂದು ಸುತ್ತೋಲೆ ಕಳಿಸಿದ: ನಾವು ಪ್ರಜಾರಾಜ್ಯದವರು, ಯೂರೋಪಿನ ಆಸ್ಥಾನಗಳಲ್ಲೂ ಸಾಧ್ಯವಾದಷ್ಟು ಸಾಮಾನ್ಯ ಪ್ರಜೆಯ ಉಡುಪಿನಲ್ಲೇ ಇರಿ ಎಂದು. ಲಂಡನ್ನಿನಲ್ಲಿದ್ದ ಜೇಮ್ಸ್ ಬುಕಾನನ್‌ಗೆ ಇದು ಪೀಕಲಾಟಕ್ಕಿಟ್ಟುಕೊಂಡಿತು. ಕಪ್ಪು ಕೋಟು, ಬಿಳಿ ವೇಸ್ಟ್‌ಕೋಟು ಹಾಕಿಕೊಂಡು ಹೋದರೆ ಅರಮನೆಯ ಮೇಲ್ದರ್ಜೆಯ ಚಾಕರರೂ ಹಾಗೆಯೇ ಇರುತ್ತಿದ್ದರು. ಕೊನೆಗೆ 1854ರಲ್ಲಿ ಆತ ಸಾದಾ ಉಡುಪಿನಲ್ಲೇ ಹೋದ, ಜೊತೆಗೆ ಕಪ್ಪು ಹಿಡಿಯ ಒಂದು ಸಾದಾ ಕತ್ತಿ ಸಿಕ್ಕಿಸಿಕೊಂಡ. ಚಾಕರನೆಂದು ಯಾರೂ ತಿಳಿಯದಿರಲಿ ಎಂಬುದೂ ಅದಕ್ಕೊಂದು ಕಾರಣ ಎಂದು ತಾನೇ ಊರಿಗೆ ವರದಿ ಬರೆದ. ತಟ್ಟೆ ಹಿಡಿಯುವವನಿಗೂ ತಟ್ಟೆಯಿಂದ ತೆಗೆದುಕೊಳ್ಳುವವನಿಗೂ ಇರುವ ಅಂತರವನ್ನು ತೋರಿಸುವ ಮೂವತ್ತು ಇಂಚಿನ ಅಳತೆಗೋಲು ಅದು.

ಇನ್ನೊಂದು 1924ರದು. ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಲೇಬರ್ ಪಕ್ಷದ ಸರ್ಕಾರ ಬಂತು. ಗಣಿಯಿಂದ, ಕಾರ್ಖಾನೆಯಿಂದ ಬಂದವರೂ ಮಂತ್ರಿಗಳಾದರು. ಅರಮನೆಗೆ ಯಾವ ಉಡುಪಿನಲ್ಲಿ ಹೋಗಬೇಕೆಂಬ ಸಮಸ್ಯೆ ಎದ್ದಿತು. ಐದನೇ ಜಾರ್ಜ್ ದೊರೆಯ ಖಾಸಗಿ ಕಾರ್ಯದರ್ಶಿ ಲಾರ್ಡ್ ಸ್ಟ್ಯಾಂಫರ್ಡಮ್ ಪಕ್ಷದ ಮುಖ್ಯ ಸಚೇತಕನಿಗೆ ಪತ್ರ ಬರೆದು, ಮಾಸ್ ಬ್ರದರ್ಸ್ ಅಂಗಡಿಯಲ್ಲಿ 30 ಪೌಂಡಿನಿಂದ ಶುರುವಾಗಿ ಪೂರ್ತಿ ಸೆಟ್ ಸಿಗುತ್ತದೆ ಎಂದು ತಿಳಿಸಿದ. ಪ್ಯಾಂಟು, ಕೋಟು, ಟೋಪಿ ಮತ್ತು ಕತ್ತಿ. ಓದಿದಾಗ ನಗು ಬಂತು, ಆಮೇಲೆ ಯೋಚನೆಯೂ ಬಂತು. ಅಧಿಕಾರದ ಚಿಹ್ನೆ ಅಂಗಡಿಯಲ್ಲಿ ಸಿಗುತ್ತದೆ ಎಂದರೆ ಅದು ಹುಟ್ಟಿನಿಂದ ಬರುವುದಲ್ಲ ಎಂದಾಯಿತು. ಅದು ಒಳ್ಳೆಯದೇ. ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಧರಿಸಿದ, ತನ್ನವರಿಂದಲೇ ಬೈಸಿಕೊಂಡ. ಏಳು ವರ್ಷಗಳ ನಂತರ ಅದೇ ದೊರೆಯ ಅರಮನೆಗೆ ಗಾಂಧೀಜಿ ತುಂಡು ಪಂಚೆ, ಶಾಲಿನಲ್ಲಿ ಹೋಗಿ ಬಂದರು.

ಈ ಕತ್ತಿಯ ಪರವಾಗಿ ಹೇಳಬಹುದಾದದ್ದನ್ನು ಹೇಳಿಬಿಡುತ್ತೇನೆ. ಬೀದಿಯಲ್ಲಿ ಒಬ್ಬರನ್ನೊಬ್ಬರು ಚುಚ್ಚುತ್ತಿದ್ದವರು ಹರಿತವಿಲ್ಲದ ಕತ್ತಿಗೆ ಇಳಿದದ್ದು ದೊಡ್ಡ ಮಾತು. ಬಲವನ್ನು ಒರೆಯೊಳಗಿಟ್ಟು, ಮೊಂಡಾಗಿಸಿ, ಆಭರಣ ಮಾಡಿ, ಕೆಲಸವನ್ನು ಕಾಗದದ ಮೂಲಕ ಮಾಡುವುದಕ್ಕೇ ನಾವು ನಾಗರಿಕತೆ ಎನ್ನುವುದು. ಸಿಟ್ಟು ಬಂದಾಗ ಎಳೆಯಲಾಗದ ಕತ್ತಿಯುಳ್ಳ ಅಧಿಕಾರಿ, ಎಳೆಯಬಲ್ಲ ಪಾಳೆಯಗಾರನಿಗಿಂತ ಮೇಲು. ನಾನು ಇದನ್ನು ಮನಸ್ಸಿನಿಂದಲೇ ಒಪ್ಪುತ್ತೇನೆ. ಪ್ರಾಸೆಸ್, ಅಪ್ರೂವಲ್, ಎಸ್ಕಲೇಶನ್ ಇವೆಲ್ಲ ನನ್ನ ಅನ್ನ. ಅವಿಲ್ಲದ ಆಫೀಸು ಹೇಗಿರುತ್ತದೆ ಎಂಬುದನ್ನೂ ನೋಡಿದ್ದೇನೆ, ಅಲ್ಲಿ ಜೋರು ದನಿಯವನೇ ರಾಜ.

ಆದರೆ ಹರಿತವಾದ ಕತ್ತಿಗೆ ಒಂದು ಗುಣವಿತ್ತು. ಅದನ್ನು ಹಿಡಿದವನು ಎದುರಿನವನ ಮುಖ ನೋಡಲೇಬೇಕಿತ್ತು. ತನ್ನ ಮೈಗೂ ತಾಗಬಹುದೆಂಬ ಭಯವಿತ್ತು. ಒರೆಸಿಕೊಳ್ಳಲು ರಕ್ತವಿತ್ತು.

ಒಂದು ರಾತ್ರಿ ಕ್ಯಾಟಲಾಗಿನ ಪುಟ ಸರಿಸುತ್ತಿದ್ದಾಗ ಕತ್ತಿಗಳ ನಂತರ ಒಂದು ಕಠಾರಿ ಬಂತು. ನಾಜಿ ಜರ್ಮನಿಯಲ್ಲಿ 1938ರ ಹೊತ್ತಿಗೆ ವಿದೇಶಾಂಗ ಇಲಾಖೆಯವರಿಗೂ ಸರ್ಕಾರಿ ಅಧಿಕಾರಿಗಳಿಗೂ ಹೊಸ ಸಮವಸ್ತ್ರ ಬಂದಿತ್ತು. ಅದರ ಜೊತೆ ಧರಿಸುವ ಕಠಾರಿ. ಮುತ್ತಿನ ಚಿಪ್ಪಿನಂತೆ ಹೊಳೆಯುವ ಹಿಡಿ, ತುದಿಯಲ್ಲಿ ಹದ್ದಿನ ತಲೆ, ಕೆಳಗೆ ರೆಕ್ಕೆ ಹರಡಿದ ಇನ್ನೊಂದು ಹದ್ದು. ರಾಯಭಾರಿಗಳದ್ದು ಯಾವುದು, ಉಳಿದ ಅಧಿಕಾರಿಗಳದ್ದು ಯಾವುದು ಎಂಬುದನ್ನು ಆ ಕೆಳಗಿನ ಹದ್ದು ಯಾವ ಕಡೆಗೆ ಕತ್ತು ತಿರುಗಿಸಿದೆ ಎಂಬುದರಿಂದ ಗುರುತಿಸುತ್ತಾರೆ. ವಿವರಣೆಯ ಧಾಟಿ ಎಂದಿನದೇ: ಗಿಲೀಟು ಚೆನ್ನಾಗಿದೆ, ಅಲಗು ಹೊಸದರಂತಿದೆ, ಎಲ್ಲೂ ಕಲೆಯಿಲ್ಲ. ಬೆಲೆ ನನ್ನ ವಿಕ್ಟೋರಿಯಾ ಕತ್ತಿಗಿಂತ ಎಷ್ಟೋ ಪಟ್ಟು ಹೆಚ್ಚು.

ಇರಲೇಬೇಕಲ್ಲ ಕಲೆಯಿಲ್ಲದೆ! ಆ ಇಲಾಖೆಯಲ್ಲಿ ಕೆಲಸಕ್ಕೆ ಕಠಾರಿ ಯಾರಿಗೆ ಬೇಕಿತ್ತು? 1942ರ ಮಾರ್ಚ್‌ನಲ್ಲಿ ಐಕ್‌ಮನ್‌ನ ಕಚೇರಿಯಿಂದ ವಿದೇಶಾಂಗ ಇಲಾಖೆಗೆ ಒಂದು ವಿಚಾರಣೆ ಬಂತು. ಫ್ರಾನ್ಸಿನಿಂದ 6,000 ಯಹೂದಿಗಳನ್ನು ಆಶ್‌ವಿಟ್ಸ್‌ಗೆ ಸಾಗಿಸಬೇಕೆಂದಿದೆ, ನಿಮ್ಮ ಅಭಿಪ್ರಾಯವೇನು? ಉತ್ತರದ ಕರಡು ಇಲಾಖೆಯ ಕಾರ್ಯದರ್ಶಿ ಅರ್ನ್ಸ್ಟ್ ಫಾನ್ ವೈಟ್‌ಸೆಕರ್‌ನ ಮೇಜಿಗೆ ಹೋಯಿತು. ಕರಡಿನಲ್ಲಿ 'ನಮಗೆ ಯಾವ ಅಳುಕೂ ಇಲ್ಲ' ಎಂಬ ಅರ್ಥದ ಮಾತಿತ್ತು. ಅದನ್ನು 'ಆಕ್ಷೇಪಣೆ ಇಲ್ಲ' ಎಂದು ತಿದ್ದಿ ಅದಕ್ಕೆ ಸಹಿ ಬಿತ್ತು. ಯುದ್ಧದ ನಂತರ ನ್ಯೂರೆಂಬರ್ಗಿನಲ್ಲಿ ನಡೆದ ಮಂತ್ರಾಲಯಗಳ ಮೊಕದ್ದಮೆಯಲ್ಲಿ ವೈಟ್‌ಸೆಕರ್‌ಗೆ ಏಳು ವರ್ಷ ಶಿಕ್ಷೆಯಾಯಿತು, ಆಮೇಲೆ ಐದಕ್ಕಿಳಿಯಿತು, 1950ರಲ್ಲಿ ಬಿಡುಗಡೆಯೂ ಆಯಿತು. ಒಳಗಿದ್ದುಕೊಂಡೇ ಅನಾಹುತ ತಪ್ಪಿಸಲು ನೋಡಿದೆ ಎಂಬುದು ಅವನ ವಾದ. ವಕೀಲರ ತಂಡದಲ್ಲಿ ಅವನ ಮಗ ರಿಚರ್ಡ್ ಕೂಡ ಇದ್ದ. ಮುಂದೆ ಪಶ್ಚಿಮ ಜರ್ಮನಿಯ ರಾಷ್ಟ್ರಾಧ್ಯಕ್ಷನಾದವನು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತಿದ್ದುಪಡಿ. 'ಅಳುಕಿಲ್ಲ' ಎಂದರೆ ಒಬ್ಬ ಮನುಷ್ಯ ತನ್ನ ಒಳಗನ್ನು ನೋಡಿಕೊಂಡು ಹೇಳುವ ಮಾತು. ಅಳುಕು ಇರುವುದು ಎದೆಯಲ್ಲಿ. 'ಆಕ್ಷೇಪಣೆ ಇಲ್ಲ' ಎಂಬುದಕ್ಕೆ ಎದೆ ಬೇಡ, ಇಲಾಖೆ ಸಾಕು. ಅದು ಒಪ್ಪಿಗೆಯೂ ಅಲ್ಲ, ಆದರೆ ಒಪ್ಪಿಗೆ ಮಾಡುವ ಕೆಲಸವನ್ನೆಲ್ಲ ಮಾಡುತ್ತದೆ. ತಿದ್ದಿದವನಿಗೆ ಎರಡರ ವ್ಯತ್ಯಾಸ ಗೊತ್ತಿತ್ತು. ಅಂದರೆ ಅಳುಕು ಇತ್ತು ಎಂದೇ ಅರ್ಥವಲ್ಲವೇ? ಇದ್ದ ಅಳುಕು ಒಂದು ಪದ ಬದಲಿಸುವಷ್ಟರಲ್ಲಿ ಖರ್ಚಾಗಿಹೋಯಿತು.

ಇಷ್ಟು ಹೇಳಿದ ಮೇಲೆ ನನ್ನದನ್ನು ಮುಚ್ಚಿಟ್ಟರೆ ಸರಿಯಲ್ಲ. ಮೊದಲೇ ಒಂದು ಮಾತು: ಆ ಪತ್ರಕ್ಕೂ ನನ್ನ ಇಮೇಲಿಗೂ ತೂಕದಲ್ಲಿ ಹೋಲಿಕೆಯಿಲ್ಲ. ಅದು ಕೊಲೆ. ನನ್ನದು ಎರಡು ತಿಂಗಳ ಸಂಬಳ ಕೊಟ್ಟು ಕಳಿಸಿದ ಸಂಗತಿ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸತ್ತವರಿಗೆ ಮಾಡುವ ಅವಮಾನ. ನಾನು ಹೋಲಿಸುತ್ತಿರುವುದು ವಾಕ್ಯವನ್ನು ಮಾತ್ರ.

ಆಗ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಒಂದು ದಿನ ಒಂದು ಎಕ್ಸೆಲ್ ಹಾಳೆ ಬಂತು. ನನ್ನ ತಂಡದ ಒಂಬತ್ತು ಹೆಸರು. ಶುಕ್ರವಾರ ಸಂಜೆಯೊಳಗೆ ಆಕ್ಷೇಪಣೆ ತಿಳಿಸದಿದ್ದರೆ ಪಟ್ಟಿ ಅಂತಿಮವೆಂದು ಭಾವಿಸಲಾಗುವುದು ಎಂದು ಕೆಳಗೊಂದು ಸಾಲು. ಹಾಳೆಯಲ್ಲಿದ್ದ ರೇಟಿಂಗ್ ಕಾಲಮ್ ನಾನೇ ತುಂಬಿದ್ದು, ಬೇರೆ ಉದ್ದೇಶಕ್ಕೆ, ಬೇರೆ ತಿಂಗಳಲ್ಲಿ. ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಒಂದು ಉತ್ತರ ಬರೆದೆ, ದೀರ್ಘವಾಗಿ, ಇಬ್ಬರ ಹೆಸರು ತೆಗೆಯಬೇಕೆಂದು ಕಾರಣ ಸಮೇತ. ಕಳಿಸಲಿಲ್ಲ. ನನ್ನ ಹೋಮ್ ಲೋನ್, ಮಗಳ ಹತ್ತನೇ ಕ್ಲಾಸು, ಮುಂದಿನ ಪಟ್ಟಿ ಯಾರ ಕೈಗೆ ಹೋಗುತ್ತದೋ ಎಂಬ ಲೆಕ್ಕ. ಶುಕ್ರವಾರ ಮಧ್ಯಾಹ್ನ ಬರೆದದ್ದು ಒಂದೇ ಸಾಲು, 'ನನ್ನ ಕಡೆಯಿಂದ ಆಕ್ಷೇಪಣೆ ಇಲ್ಲ.' ಏನೂ ಬರೆಯದೆ ಇದ್ದಿದ್ದರೂ ಅದೇ ಆಗುತ್ತಿತ್ತು. ಬರೆದದ್ದೇಕೆಂದರೆ, ಅದು ಶಿಸ್ತು.

ಒಂಬತ್ತರಲ್ಲಿ ಒಬ್ಬ ಗದಗ ಕಡೆಯ ಹುಡುಗ. ಪುಣೆಗೆ ಬಂದು ಎರಡು ವರ್ಷ ಆಗಿತ್ತು. ಕನ್ನಡ ಮಾತಾಡಲು ಸಿಗುತ್ತಾರೆಂದು ಊಟಕ್ಕೆ ನನ್ನ ಟೇಬಲ್ಲಿಗೇ ಬರುತ್ತಿದ್ದ, ಮನೆಯಿಂದ ಬಂದ ಶೇಂಗಾ ಚಟ್ನಿಪುಡಿ ಅರ್ಧ ನನಗೇ ಕೊಡುತ್ತಿದ್ದ. ಅವನಿಗೆ ಸುದ್ದಿ ಹೇಳಿದ್ದು ಎಚ್ಆರ್‌ನವರು, ಬೇರೆ ಕೋಣೆಯಲ್ಲಿ. ನಾನು ಅಲ್ಲಿರಬೇಕಾದ ಅಗತ್ಯವಿರಲಿಲ್ಲ, ಪ್ರಾಸೆಸ್ ಹಾಗಿತ್ತು. ಸಂಜೆ ಬ್ಯಾಗು ಹಿಡಿದು ನನ್ನ ಹತ್ತಿರ ಬಂದ.

"ಸರ್, ನಿಮಗ ಮೊದಲs ಗೊತ್ತಿತ್ತೇನ್ರೀ?"

"ಮೇಲಿನಿಂದ ಬಂತಪ್ಪಾ" ಎಂದೆ.

"ಇರ್ಲಿ ಬಿಡ್ರಿ ಸರ್. ನಿಮ್ಮ ಮನಿ ಡಬ್ಬಿ ನನ್ನ ರೂಮಿನಾಗ ಉಳದದ. ನಾಳೆ ತಂದು ಸೆಕ್ಯುರಿಟಿ ಕಡೆ ಕೊಟ್ಟು ಹೋಗ್ತೀನ್ರಿ."

ಕೊಟ್ಟು ಹೋದ. ಡಬ್ಬಿ ತೊಳೆದು ಒಣಗಿಸಿದ್ದ.

ಮುದುಕನ ಮಾತು ಆ ಡಬ್ಬಿ ನೋಡುತ್ತಿದ್ದಾಗ ನೆನಪಾಯಿತು. ಇದು ಯಾರಿಗೂ ಏನೂ ಮಾಡಿಲ್ಲ. ನನ್ನ ಬಗ್ಗೆಯೂ ಹಾಗೆ ಹೇಳಬಹುದು. ಕತ್ತಿನಲ್ಲಿ ಕಂಪನಿಯ ಬಣ್ಣದ ಪಟ್ಟಿಗೆ ತೂಗುವ ಐಡಿ ಕಾರ್ಡು, ಅದರ ಮೇಲೆ ಒಂದು ಗೀರೂ ಇಲ್ಲ.

ಪುಣೆಯ ಜೂನಾ ಬಜಾರಿನಲ್ಲಿ ಪರಿಚಯವಾದ ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ ಇದ್ದಾರೆ, ಹಳೆ ನಾಣ್ಯ ಸಂಗ್ರಹಿಸುತ್ತಾರೆ. ಅವರ ಎದುರು ಇದನ್ನೆಲ್ಲ ಹೇಳಿದಾಗ ಅವರು ಸ್ವಲ್ಪವೂ ವಿಚಲಿತರಾಗಲಿಲ್ಲ. ವಸ್ತುವಿಗೆ ಪಾಪ ಅಂಟುವುದಿಲ್ಲ, ಅಂಟುವುದಾದರೆ ಮೊದಲು ನಾಣ್ಯಗಳನ್ನು ಕರಗಿಸಬೇಕು, ಲಂಚಕ್ಕೆ ಕೈ ಬದಲಿಸದ ನಾಣ್ಯ ಯಾವುದಿದೆ ಎಂದರು. ಸಂಗ್ರಹಕಾರನ ಧರ್ಮ ಕಾಪಾಡುವುದು, ತೀರ್ಪು ಕೊಡುವುದಲ್ಲ. ಅವರ ಮಾತು ಮುಕ್ಕಾಲು ಸರಿ. ಗೋಡೆಯ ಮೇಲಿನ ಉಕ್ಕನ್ನು ಬೈದು ಪ್ರಯೋಜನವಿಲ್ಲ, ಆ ಮಣಿಸರದ ಕುಸುರಿಯನ್ನು ಇಷ್ಟಪಡುವುದರಲ್ಲಿ ತಪ್ಪೂ ಇಲ್ಲ. ನನಗೆ ಈಗಲೂ ಇಷ್ಟ.

ಉಳಿದ ಕಾಲು ಭಾಗ ಹೀಗಿದೆ. ಲಂಡನ್ನಿನ ವಿಲ್ಕಿನ್ಸನ್ ಕಂಪನಿ ತನ್ನ ಒಳ್ಳೆಯ ಕತ್ತಿಗಳ ಅಲಗಿನ ಬೆನ್ನಿಗೆ ನಂಬರು ಹಾಕುತ್ತಿತ್ತು. ಅದರ ಲೆಕ್ಕದ ಪುಸ್ತಕಗಳು ಉಳಿದಿವೆ. ನಂಬರು ಹಿಡಿದು ಹೋದರೆ ಮಾಡಿದ ದಿನ ಸಿಗುತ್ತದೆ, ಎಷ್ಟೋ ಬಾರಿ ಕೊಂಡವನ ಹೆಸರೂ ಸಿಗುತ್ತದೆ. ಸೈನಿಕನ ಹೆಸರಾದರೆ ಸಂಗ್ರಹಕಾರರು ಅಲ್ಲಿಗೆ ಬಿಡುವುದಿಲ್ಲ. ಯಾವ ದಳ, ಯಾವ ಯುದ್ಧ, ಯಾವ ಪದಕ, ಎಲ್ಲ ಹುಡುಕುತ್ತಾರೆ. ಆಸ್ಥಾನದ ಕತ್ತಿಗಳಿಗೆ ಬಹಳ ಸಲ ನಂಬರೇ ಇರುವುದಿಲ್ಲ, ಮಾರಿದ ದರ್ಜಿ ಅಂಗಡಿಯ ಹೆಸರಷ್ಟೇ ಇರುತ್ತದೆ. ಹೆಸರು ಸಿಕ್ಕರೂ ಹುಡುಕಾಟ ಹೆಸರಿಗೇ ನಿಲ್ಲುತ್ತದೆ. ಈ ಮನುಷ್ಯ ಯಾವ ಕಡತಕ್ಕೆ ಸಹಿ ಹಾಕಿದ, ಯಾವುದಕ್ಕೆ ಆಕ್ಷೇಪಣೆ ಇಲ್ಲವೆಂದ ಎಂದು ನಾನು ನೋಡಿದ ಯಾವ ಕ್ಯಾಟಲಾಗೂ ಕೇಳಿಲ್ಲ. ಕಡತಗಳೇನೂ ಸುಟ್ಟುಹೋಗಿಲ್ಲ, ಪತ್ರಾಗಾರಗಳಲ್ಲಿ ಧೂಳು ತಿನ್ನುತ್ತಿವೆ. ಕತ್ತಿಯ ಯುದ್ಧ ನಡೆದದ್ದೇ ಅಲ್ಲಿ. ಎಂದಾದರೂ ಒಂದನ್ನು ಕೊಂಡರೆ ನಾನು ಹಾಗೆ ಹುಡುಕುತ್ತೇನೆ ಎಂದು ಆ ಬ್ಯಾಂಕಿನವರಿಗೆ ಹೇಳಿದೆ. "ಹುಡುಕಿದರೆ ಕೊಳ್ಳುವುದೇ ಇಲ್ಲ ನೀವು" ಎಂದು ನಕ್ಕರು.

ನಮ್ಮಪ್ಪ ಹಾಸನದ ಹತ್ತಿರ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಆಯುಧ ಪೂಜೆಯ ದಿನ ಅಮ್ಮ ಕುಡುಗೋಲು, ಈಳಿಗೆಮಣೆ, ಸೈಕಲ್ಲು ಎಲ್ಲ ತೊಳೆದು ಸಾಲಾಗಿ ಇಡುತ್ತಿದ್ದರು. ಕೊನೆಗೆ ಅಪ್ಪನ ಇಂಕ್ ಪೆನ್ನು. ಅಪ್ಪ ಪ್ರತಿವರ್ಷ ರೇಗಿಸುತ್ತಿದ್ದರು, "ಅದೇನು ಆಯುಧವೇನೇ?" ಎಂದು. ಅಮ್ಮ ಕುಂಕುಮ ಇಡುತ್ತಲೇ, "ನಿಮ್ಮೊಂದು ಬರಹಕ್ಕೆ ಜನ ಮೂರು ಸಲ ಊರಿಂದ ನಡ್ಕೊಂಡು ಬರ್ತಾರಂತಲ್ಲ, ಮತ್ತಿನ್ನೇನು ಅದು?" ಎನ್ನುತ್ತಿದ್ದರು. ಅಪ್ಪ ಆಮೇಲೆ ಮಾತಾಡುತ್ತಿರಲಿಲ್ಲ.

ಈ ಸಲದ ಹಬ್ಬಕ್ಕೆ ಅಮ್ಮ ಫೋನ್ ಮಾಡಿದ್ದರು.

"ಕಾರಿಗೆ ಪೂಜೆ ಆಯ್ತೇನೋ?"

"ಆಯ್ತಮ್ಮ."

"ಲ್ಯಾಪ್‌ಟಾಪಿಗೆ?"

"ಅದಕ್ಕೂ ಇಟ್ಟೆ ಕುಂಕುಮ."

"ಇವತ್ತೊಂದು ದಿನ ಅದನ್ನ ಮುಟ್ಟಬೇಡಪ್ಪ."

ಹೂಂ ಎಂದೆ. ಏಳೂವರೆಗೆ ಕಾಲ್ ಇತ್ತು. ಮುಂದಿನ ವರ್ಷದ ಬಜೆಟ್, ತಲೆಯೆಣಿಕೆ. ಮುಚ್ಚಳದ ಮೇಲಿನ ಹೂವನ್ನು ಪಕ್ಕಕ್ಕಿಟ್ಟು ತೆರೆದೆ.